ಮನೆ ಶಿರಸಿಯಲ್ಲಿ, ದೋಣಿ ಅಘನಾಶಿನಿಯಲ್ಲಿ: ಹಳೆಯ ಫೈಬರ್ ದೋಣಿ ತಗೊಳ್ಳಬಹುದಾ?

ಘಟ್ಟದಮೇಲಿನವ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವ. ಹೆಂಡತಿಯ ತವರು ಕುಮಟಾ ತಾಲೂಕಿನ ದೀವಗಿ ಹತ್ತಿರ. ಮನೆ ಹಿಂದಿನ ತೆಂಗಿನ ತೋಟ ದಾಟಿದರೆ ಅಘನಾಶಿನಿ ಹೊಳೆ. ಅಲ್ಲೇ ಪಕ್ಕದ ಊರಲ್ಲಿ ಒಂದು ಫೈಬರ್ ದೋಣಿ ಮಾರಾಟಕ್ಕಿದೆ. 18 ಅಡಿ ಉದ್ದ, ಜೊತೆಗೆ 9.9 ಎಚ್‌ಪಿಯ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಮಾರುವವರು ಮೀನುಗಾರಿಕೆ ಬಿಡುತ್ತಿದ್ದಾರಂತೆ.

ನಾನು ಮೀನು ಹಿಡಿದು ಮಾರುವುದಿಲ್ಲ. ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೆಳಗೆ ತದಡಿವರೆಗೆ, ಮೇಲೆ ಉಪ್ಪಿನಪಟ್ಟಣದವರೆಗೆ ಹೋಗಿ ಬರಬೇಕು, ಸಾಧ್ಯವಾದರೆ ಗಾಳ ಹಾಕಬೇಕು, ಅಷ್ಟೇ. ಈಜು ಬರುತ್ತದೆ. ದೋಣಿ ನಡೆಸಿದ ಅನುಭವ ಇಲ್ಲ. ಮಾವನವರು "ಸುಮ್ನೆ ದುಡ್ಡು ಹೊಳೆಗೆ ಹಾಕ್ತೀಯ" ಅನ್ನುತ್ತಾರೆ. ಹೆಂಡತಿ ಏನೂ ಅನ್ನುತ್ತಿಲ್ಲ, ಅದೇ ಹೆದರಿಕೆ.

ದೋಣಿ ನೋಡಲು ಹೋದಾಗ ಏನು ನೋಡಬೇಕು? ಫೈಬರ್ ಒಳ್ಳೆಯದಾ, ಮರದ್ದೇ ಒಳ್ಳೆಯದಾ? ಮಳೆಗಾಲದಲ್ಲಿ ಎಲ್ಲಿಡಬೇಕು? ಕಾಗದಪತ್ರ ಏನೇನು ಬೇಕು? ಒಮ್ಮೆ ಕಾರವಾರದ ಕಾಳಿ ಹೊಳೆಗೂ ಒಯ್ಯುವ ಆಸೆ ಇದೆ.

ಹೊಳೆಬದಿ

ನಮ್ಮೂರ ಅಳಿಯ ಅಂದಮೇಲೆ ಭಾವ ಅಂತಲೇ ಕರೆಯುತ್ತೇನೆ. ಭಾವ, ದೋಣಿ ತಗೊಳ್ಳಿ, ಆದರೆ ಒಬ್ಬರೇ ತಗೊಳ್ಳಬೇಡಿ. ಹೊಳೆ ದಂಡೆಯಲ್ಲೇ ಇರುವ ಒಬ್ಬರನ್ನು ಪಾಲಿಗೆ ಸೇರಿಸಿಕೊಳ್ಳಿ. ಬಾಕಿ ಎಲ್ಲ ಆಮೇಲಿನ ಮಾತು.

ಯಾಕೆ ಅಂದರೆ, ದೋಣಿಗೆ ದಿನಾ ಒಂದು ಕಣ್ಣು ಬೇಕು. ನೀವು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ತಿಂಗಳಿಗೊಮ್ಮೆ ಬರುವವರು. ಮಳೆಯ ಲೆಕ್ಕ ಒಂದನ್ನೇ ಹಾಕಿ ನೋಡಿ. ಜುಲೈಯಲ್ಲಿ ಒಂದೇ ದಿನ 100 ಮಿಲಿಮೀಟರ್ ಬೀಳುವುದು ನಮ್ಮಲ್ಲಿ ವಿಶೇಷ ಏನಲ್ಲ. ನಿಮ್ಮ 18 ಅಡಿ ದೋಣಿಯ ಬಾಯಿ ತೆರೆದೇ ಇದ್ದರೆ ಆ ಒಂದು ದಿನಕ್ಕೆ 500-600 ಲೀಟರ್ ನೀರು ಒಳಗೆ ಸೇರುತ್ತದೆ. ಮೊಗೆಯುವವರಿಲ್ಲದೆ ಮೂರು ದಿನ ಬಿಟ್ಟರೆ ಮುಗಿಯಿತು. ಫೈಬರ್ ದೋಣಿ ಮುಳುಗುವುದಿಲ್ಲ ಅಂತ ನಂಬಿದವರು ಬಹಳ ಜನ ಇದ್ದಾರೆ, ತುಂಬಿದರೆ ಅದೂ ಕೆಳಗೆ ಹೋಗುತ್ತದೆ, ಎಂಜಿನ್ ಸಮೇತ.

ಹಗ್ಗದ್ದೂ ಹಾಗೆ. ಹುಣ್ಣಿಮೆ ಅಮಾವಾಸ್ಯೆಗೆ ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಇರುತ್ತದೆ. ಭರತದಲ್ಲಿ ಬಂದು ತೆಂಗಿನ ಮರಕ್ಕೆ ಗಿಡ್ಡ ಹಗ್ಗದಲ್ಲಿ ಬಿಗಿದು ಊಟಕ್ಕೆ ಹೋದರೆ, ಇಳಿತದಲ್ಲಿ ದೋಣಿಯ ಮೂತಿ ಮೇಲಕ್ಕೆ ನೇತಾಡುತ್ತಿರುತ್ತದೆ, ಹಿಂದಿನ ಭಾಗ ನೀರು ಕುಡಿಯುತ್ತಿರುತ್ತದೆ. ಹಗ್ಗಕ್ಕೆ ಸಡಿಲ ಬೇಕು, ಹಿಂದಿನಿಂದ ಒಂದು ಲಂಗರೂ ಬೇಕು, ಇಲ್ಲದಿದ್ದರೆ ದೋಣಿ ತಿರುಗಿ ದಂಡೆಯ ಕಲ್ಲಿಗೆ ರಾತ್ರಿಯೆಲ್ಲ ತಿಕ್ಕುತ್ತದೆ.

ಈಗ ನೋಡಲು ಹೋದಾಗಿನ ವಿಷಯ. ಬಣ್ಣ ನೋಡಬೇಡಿ. ಮಾರುವ ಮುಂಚೆ ಎಲ್ಲರೂ ಬಣ್ಣ ಹೊಡೆಯುತ್ತಾರೆ. ಎಂಜಿನ್ ಕಚ್ಚುವ ಹಿಂದಿನ ಹಲಗೆ ಇದೆಯಲ್ಲ, ಟ್ರಾನ್ಸಮ್, ಅದನ್ನು ನೋಡಿ. ಹೊರಗೆ ಫೈಬರ್ ಕಂಡರೂ ಬಹಳ ದೋಣಿಗಳಲ್ಲಿ ಒಳಗೆ ಮರ ಅಥವಾ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಆ ಮರ ಕೊಳೆಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಸಣ್ಣ ಸುತ್ತಿಗೆಯ ಹಿಡಿಕೆಯಿಂದ ಅಂಗುಲ ಅಂಗುಲ ಬಡಿದು ನೋಡಿ. ಟಣ್ ಟಣ್ ಅಂತಿದ್ದದ್ದು ಒಂದು ಕಡೆ ದಪ್ ಅಂದರೆ ಅಲ್ಲಿ ಕೊಳೆತಿದೆ. ಆಮೇಲೆ ಎಂಜಿನ್ನಿನ ತಲೆ ಹಿಡಿದು ಹಿಂದೆ ಮುಂದೆ ಜಗ್ಗಿ. ಎಂಜಿನ್ ಜೊತೆ ಹಲಗೆಯೂ ಬಾಗಿದರೆ ಚಾ ಕುಡಿದು ಎದ್ದು ಬನ್ನಿ.

ಎಂಜಿನ್ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಚಲೋ ಎಂಜಿನ್ ತಣ್ಣಗಿದ್ದಾಗಲೂ ಎರಡು ಮೂರು ಎಳೆತಕ್ಕೆ ಹಿಡಿಯಬೇಕು. ಹಿಡಿದ ತಕ್ಷಣ ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬರಬೇಕು. ಬರದಿದ್ದರೆ ಅಥವಾ ತೊಟ್ಟಿಕ್ಕಿದರೆ ಇಂಪೆಲ್ಲರ್ ಹೋಗಿದೆ, ಇಲ್ಲವೇ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿದೆ. ಇಂಪೆಲ್ಲರ್ ಅನ್ನುವುದು ಅಂಗೈ ಅಗಲ ಇರದ ಒಂದು ರಬ್ಬರ್ ಚಕ್ರ. ನಮ್ಮ ಹೊಳೆಯ ಮರಳು ಅದರ ರೆಕ್ಕೆಗಳನ್ನು ಬೇಗ ತಿನ್ನುತ್ತದೆ. ಅದು ಹೋದಮೇಲೂ ಓಡಿಸಿದರೆ ಎಂಜಿನ್ ಕಾದು ಪಿಸ್ಟನ್ ಜಾಮ್. ಒಂದು ಹೊಸದನ್ನು ತಂದು ದೋಣಿಯಲ್ಲೇ ಇಟ್ಟುಕೊಳ್ಳಿ.

ಗೇರೆಣ್ಣೆ

ಎಲ್ಲರೂ ಫೈಬರ್ ಫೈಬರ್ ಅನ್ನುತ್ತಾರೆ, ಅದಕ್ಕೆ ನಾನು ಮರದ ಪರವಾಗಿ ಬರೆಯುತ್ತೇನೆ. ಮಕ್ಕಳ ಜೊತೆ ಹೊಳೆಯಲ್ಲಿ ಸುಮ್ನೆ ತಿರುಗಲು 9.9 ಎಂಜಿನ್ ಯಾಕೆ? ಒಂದು ಪಾತಿ ದೋಣಿ, ಅಂದರೆ ಸಣ್ಣ ಮರದ ದೋಣಿ, ಒಂದು ಹುಟ್ಟು, ಒಂದು ಬಿದಿರು ಗಳ ಸಾಕು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕಾಲುವೆಗೆ ಎಂಜಿನ್ ಇಳಿಸಲು ಆಗುವುದೇ ಇಲ್ಲ. ಹೊಳೆಯ ಚಂದ ಇರುವುದು ಅಲ್ಲೇ.

ಆದರೆ ಮರದ ದೋಣಿಗೆ ದುಡಿಯಬೇಕು, ಅದನ್ನು ಮುಚ್ಚಿಡುವುದಿಲ್ಲ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಇದೆ. ಹೊರಗೆ ಸೂಜಿ ಮೊನೆಯಷ್ಟು ತೂತು, ಒಳಗೆ ಹಲಗೆ ಪೂರ್ತಿ ಜೇನುಗೂಡು. ವರ್ಷಕ್ಕೆ ಒಂದೆರಡು ಸಲ ದಂಡೆಗೆ ಎಳೆದು, ಕವುಚಿ ಹಾಕಿ, ಅಂಟಿದ ಚಿಪ್ಪು ಕೆರೆದು, ನೆರಳಲ್ಲಿ ಒಣಗಿಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬೇಕು. ಬರಿಗೈಯಲ್ಲಿ ಬಳಿಯಬೇಡಿ, ಚರ್ಮ ಸುಟ್ಟು ಸುಲಿಯುತ್ತದೆ. ಹಲಗೆ ಜೋಡಿಸಿದ ದೋಣಿಯಾದರೆ ಬಿಸಿಲಲ್ಲಿ ಅತಿಯಾಗಿ ಒಣಗಿಸಲೂಬಾರದು, ಸಂದು ಬಿಡುತ್ತದೆ. ನೀರಿಗಿಳಿಸಿದ ಮೊದಲ ದಿನ ಒಳಗೆ ನೀರು ಬಂದರೆ ಗಾಬರಿ ಬೇಡ, ಮರ ಊದಿಕೊಂಡು ಸಂದು ಮುಚ್ಚುತ್ತದೆ.

ಕಷ್ಟ ಇರುವುದು ಕೆಲಸದವರದ್ದು. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ದೋಣಿ ಹೊಲಿಯುವವರು ಈಗ ಬಹಳ ಕಡಿಮೆ. ದೋಣಿ ಕೊಳ್ಳುವ ಮುಂಚೆ ಹತ್ತಿರ ಅಂಥವರು ಇದ್ದಾರಾ ವಿಚಾರಿಸಿ. ಇಲ್ಲದಿದ್ದರೆ ನನ್ನ ಮಾತು ಬಿಡಿ, ಫೈಬರೇ ತಗೊಳ್ಳಿ. ಅದರ ರಿಪೇರಿ ಮಾತ್ರ ಮಳೆ ಬೀಳುವ ಮುಂಚೆ ಮುಗಿಸಿ. ಹಸಿ ಇದ್ದ ಕಡೆ ಫೈಬರ್ ಮ್ಯಾಟ್ ಹಾಕಿ ರೆಸಿನ್ (ಅಂಟು) ಹಚ್ಚಿದರೆ ಹಿಡಿಯುವುದಿಲ್ಲ, ಎರಡು ತಿಂಗಳಲ್ಲಿ ಹಪ್ಪಳೆ ಏಳುತ್ತದೆ.

ಸದಾಶಿವಗಡದ ಕಡೆಯವ

ಕಾಗದದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

1917ರ ಹಳೆಯ ಕಾಯ್ದೆ ಹೋಗಿ 2021ರಲ್ಲಿ ಹೊಸ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಎಂಜಿನ್ ಇರುವ ದೋಣಿಗೆ ಸರ್ವೆ, ನೋಂದಣಿ, ವಿಮೆ ಬೇಕು. ಮೀನುಗಾರಿಕೆ ದೋಣಿಯ ನೋಂದಣಿ ಬೇರೆ, ಅದು ಮೀನುಗಾರಿಕೆ ಇಲಾಖೆಯ ಬಾಬತ್ತು. ನಿಮಗೆ ಮಾರುವವರ ದೋಣಿ ಅಲ್ಲಿ ದಾಖಲಾಗಿದ್ದರೆ ಅದೇ ನಂಬರಿನಲ್ಲಿ ನೀವು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಿರುಗುವುದು ಸರಿಯಲ್ಲ. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಮುಖ್ಯ ಕಚೇರಿ ಇರುವುದೇ ಕಾರವಾರದಲ್ಲಿ. ಖರೀದಿಗೆ ಮುಂಚೆ ಒಮ್ಮೆ ಹೋಗಿ ಕೇಳಿ. ಎಂಜಿನ್ ನಂಬರ್ ಉಜ್ಜಿ ಹೋಗಿದ್ದರೆ, ಬಿಲ್ ಇಲ್ಲದಿದ್ದರೆ, ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಇನ್ನೊಂದು, ದುಡ್ಡು ತಗೊಂಡು ಜನರನ್ನು ಕೂರಿಸುವ ಯೋಚನೆ ಬಂದರೆ ಅದರ ಅನುಮತಿಯೇ ಬೇರೆ. ನೆಂಟರ ನೆಂಟರು ನೂರು ರೂಪಾಯಿ ಕೈಗಿಟ್ಟರೂ ತಗೊಳ್ಳಬೇಡಿ.

ಕಾಳಿ ಹೊಳೆಗೆ ಬನ್ನಿ, ಆದರೆ ಅಘನಾಶಿನಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಮ್ಮದು ದೊಡ್ಡ ಅಣೆಕಟ್ಟಿಲ್ಲದ ಹೊಳೆ. ಕಾಳಿಗೆ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಎಲ್ಲ ಇವೆ. ಮಳೆಗಾಲದಲ್ಲಿ ಕದ್ರಾದ ಗೇಟು ತೆಗೆದರೆ ಕೆಳಗೆ ಸೆಳೆತವೇ ಬದಲಾಗುತ್ತದೆ. ನವೆಂಬರ್ ನಂತರ ಬನ್ನಿ, ಕಿನ್ನರ, ಕಡವಾಡದ ಕಡೆ ಹೊಳೆ ಅಗಲವಾಗಿ ಶಾಂತವಾಗಿರುತ್ತದೆ. ಹೆದ್ದಾರಿ ಸೇತುವೆಯ ಹತ್ತಿರ ಸುಮ್ನೆ ಸುತ್ತಬೇಡಿ. 2024ರ ಆಗಸ್ಟ್ 7ರ ಮಧ್ಯರಾತ್ರಿ ದಾಟಿದ ಮೇಲೆ ಹಳೆಯ ಸೇತುವೆ ಕುಸಿದು ಲಾರಿಯೇ ನೀರಿಗೆ ಬಿದ್ದದ್ದು ನೆನಪಿದೆ ಅಲ್ವಾ. ಕಂಬಗಳ ಪಕ್ಕ ಮೊದಲಿನಿಂದಲೂ ಸುಳಿ ಇರುತ್ತದೆ.

ಅಳಿವೆ ದಾಟಿ ಸಮುದ್ರಕ್ಕೆ ಮಾತ್ರ ಹೋಗಬೇಡಿ. ಕಾಳಿಯಲ್ಲೂ ಬೇಡ, ತದಡಿಯಲ್ಲೂ ಬೇಡ. 2019ರ ಜನವರಿ 21ರಂದು ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ಸತ್ತರು. ಆ ದೋಣಿಯಲ್ಲಿ ಜನ ಜಾಸ್ತಿ ಇದ್ದರು. ನಿಮ್ಮ ದೋಣಿಯಲ್ಲಿ ಎಷ್ಟು ಜನರೋ ಅಷ್ಟು ಲೈಫ್ ಜಾಕೆಟ್ ಇರಲಿ, ಮೈಮೇಲೆ ಇರಲಿ. ಸೀಟಿನಡಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ.

ಬೆಳಚು ಪ್ರಿಯೆ

ಒಂದು ವಿನಂತಿ. ಇಳಿತದ ಹೊತ್ತಿಗೆ ತದಡಿ, ಅಘನಾಶಿನಿ ಊರಿನ ಕಡೆ ಹೊಳೆಯ ನಡುವೆ ಎದೆಮಟ್ಟ ನೀರಲ್ಲಿ ನಿಂತು ಜನ ಬೆಳಚು (ತಿನ್ನುವ ಚಿಪ್ಪು) ತೆಗೆಯುತ್ತಿರುತ್ತಾರೆ, ಹೆಂಗಸರೇ ಜಾಸ್ತಿ. ದೂರದಿಂದ ಬರೀ ತಲೆ ಕಾಣುತ್ತದೆ. ಅಲ್ಲಿ ಎಂಜಿನ್ ಪೂರ್ತಿ ನಿಧಾನ ಮಾಡಿ. ನಿಮ್ಮ ದೋಣಿಯ ಅಲೆಗೆ ಅವರ ಸಣ್ಣ ಪಾತಿ ಮಗುಚಿದರೆ ಬೆಳಗಿನಿಂದ ಹೆಕ್ಕಿದ್ದೆಲ್ಲ ಮತ್ತೆ ಹೊಳೆಗೆ. ಬೈಗುಳವೂ ಚೆನ್ನಾಗಿಯೇ ಸಿಗುತ್ತದೆ. ಗಜನಿ ಗದ್ದೆಯ, ಅಂದರೆ ಉಪ್ಪುನೀರು ಹತ್ತುವ ಗದ್ದೆಯ, ಬಾಗಿಲುಗಳ ಹತ್ತಿರ ಬಲೆ ಕಟ್ಟಿರುತ್ತಾರೆ, ಅಲ್ಲಿಗೂ ಹೋಗಬೇಡಿ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಬೋರ್ಡು ನೋಡಿ ಬರುವವರು ಹೆಚ್ಚಾದರು. ಆ ನೀರಲ್ಲಿ ಹೊಟ್ಟೆಪಾಡು ನಡೆಯುತ್ತಿದೆ ಅಂತ ಬಂದವರಿಗೆ ಗೊತ್ತಿರಬೇಕು.

ಘಟ್ಟದಮೇಲಿನವ

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಪಾತಿ ದೋಣಿಯ ಆಸೆ ಹುಟ್ಟಿತು, ಆದರೆ ಹೆಂಡತಿಗೆ ಅಲ್ಲಾಡುವ ದೋಣಿ ಆಗುವುದಿಲ್ಲ. ಸದ್ಯ ಫೈಬರ್ ನೋಡುತ್ತೇನೆ. ಪಕ್ಕದ ಮನೆಯ ಅಂಬಿಗರ ಹುಡುಗನಿಗೆ ಪಾಲಿಗೆ ಬರುತ್ತೀಯಾ ಅಂತ ಮಾವನವರ ಮೂಲಕ ಕೇಳಿಸಿದೆ. ವಾರದ ದಿನಗಳಲ್ಲಿ ಅವನು ಓಡಾಟಕ್ಕೆ ಇಟ್ಟುಕೊಂಡರೆ ನನ್ನ ಅಭ್ಯಂತರ ಇಲ್ಲ. ಪಾಲು ಹೇಗೆ ಹಾಕುವುದು? ಇನ್ನೊಂದು, ಮರಳು ದಿಬ್ಬಕ್ಕೆ ಹತ್ತಿ ಸಿಕ್ಕಿಬಿದ್ದರೆ ಏನು ಮಾಡುವುದು?

ಹೊಳೆಬದಿ

ಪಾಲಿನದ್ದು ಸುಲಭ ಭಾವ. ದೋಣಿ, ಎಂಜಿನ್ ದುಡ್ಡು ನಿಮ್ಮದು. ನೋಡಿಕೊಳ್ಳುವ ಕೆಲಸ ಅವನದ್ದು: ನೀರು ಮೊಗೆಯುವುದು, ಹಗ್ಗ ಬದಲಿಸುವುದು, ಓಡಿಸಿ ಬಂದಮೇಲೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇಳಿಸಿ ಹತ್ತು ನಿಮಿಷ ಓಡಿಸುವುದು. ಪೆಟ್ರೋಲು ಯಾರು ಓಡಿಸುತ್ತಾರೋ ಅವರದ್ದು. ಮುರಿದದ್ದು ಅರ್ಧ ಅರ್ಧ. ಆದರೆ ಇದನ್ನೆಲ್ಲ ಬರೆದಿಡಿ, ಸಂಬಂಧ ಚೆನ್ನಾಗಿರುವಾಗಲೇ. ದೋಣಿಯ ನೋಂದಣಿ ಯಾರ ಹೆಸರಲ್ಲಿರುತ್ತದೋ ಅವರೇ ಜವಾಬ್ದಾರರು, ಅದು ಅವನಿಗೂ ಗೊತ್ತಿರಲಿ.

ಪೆಟ್ರೋಲಿನ ಬಗ್ಗೆ ಒಂದು ಮಾತು. ಟೂ ಸ್ಟ್ರೋಕಿಗೆ ಎಣ್ಣೆ ಬೆರೆಸುವ ಪ್ರಮಾಣ ಎಂಜಿನ್ನಿನ ಪುಸ್ತಕದಲ್ಲಿರುತ್ತದೆ, ಬಹಳ ಎಂಜಿನ್‌ಗಳಿಗೆ 50 ಲೀಟರಿಗೆ 1 ಲೀಟರ್. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ಗಾಳಿಯಲ್ಲಿರುವ ನೀರು ಹೀರುತ್ತದೆ. ಹೊಳೆ ಬದಿಯ ತೇವದಲ್ಲಿ ಎರಡು ತಿಂಗಳು ಟ್ಯಾಂಕಲ್ಲೇ ಬಿಟ್ಟರೆ ಅಡಿಯಲ್ಲಿ ನೀರು ಕೂತು ಕಾರ್ಬ್ಯುರೇಟರ್ ಹಾಳು. ಜೂನ್ ಮೊದಲು ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲ್ ಪೈಪು ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ಎಂಜಿನ್ ಕಳಚಿ ಮನೆಯ ಕೊಟ್ಟಿಗೆಗೆ. ದೋಣಿಯನ್ನು ತೋಟಕ್ಕೆ ಎತ್ತಿ ಕವುಚಿ ಹಾಕಿ. ಮಳೆಗಾಲಕ್ಕೆ ಹೊಳೆಗೆ ಇಳಿಯುವುದೇ ಬೇಡ. ಕುಮಟೆಯಲ್ಲಿ ಬಿಸಿಲಿದ್ದರೂ ನಿಮ್ಮ ಶಿರಸಿ, ಸಿದ್ದಾಪುರದಲ್ಲಿ ಜಡಿದರೆ ಮರದ ದಿಮ್ಮಿ ಸಮೇತ ಕೆಂಪು ನೀರು ಇಲ್ಲಿಗೆ ಬರುತ್ತದೆ.

ದಿಬ್ಬದ ವಿಷಯ. ಪ್ರತಿ ಮಳೆಗಾಲ ಮುಗಿದಮೇಲೆ ದಿಬ್ಬ ಜಾಗ ಬದಲಿಸಿರುತ್ತದೆ, ಹೋದ ವರ್ಷದ ದಾರಿ ನಂಬಬೇಡಿ. ನಡುಹೊಳೆಯಲ್ಲಿ ಕೊಕ್ಕರೆ ನಿಂತಿದ್ದರೆ ಅಲ್ಲಿ ಮೊಣಕಾಲು ನೀರೂ ಇಲ್ಲ ಅಂತ ಅರ್ಥ. ಗೊತ್ತಿಲ್ಲದ ಕಡೆಗೆ ಭರತ ಏರುವಾಗಲೇ ಹೋಗಿ. ಏರುವಾಗ ಸಿಕ್ಕಿಬಿದ್ದರೆ ಸ್ವಲ್ಪ ಹೊತ್ತಿಗೆ ನೀರೇ ಎತ್ತುತ್ತದೆ. ಇಳಿಯುವಾಗ ಸಿಕ್ಕಿಬಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ ಮೇಲೆತ್ತಿ, ಎಲ್ಲರೂ ಇಳಿದು ತಳ್ಳಿ. ಐದು ನಿಮಿಷ ಯೋಚನೆ ಮಾಡುತ್ತ ಕೂತರೆ ಮುಂದಿನ ಭರತದವರೆಗೆ ಬಿಸಿಲಲ್ಲಿ ಅಲ್ಲೇ. ತದಡಿಗೆ ಹೋಗುವುದಾದರೆ ಇಳಿತದ ಜೊತೆ ಇಳಿದು ಭರತದ ಜೊತೆ ಮೇಲೆ ಬನ್ನಿ, ಪೆಟ್ರೋಲೂ ಉಳಿಯುತ್ತದೆ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ತದಡಿಯಲ್ಲಿ ಭರತ ಆದಮೇಲೂ ದೀವಗಿಯಲ್ಲಿ ಇನ್ನೂ ಏರುತ್ತಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೇರೆಣ್ಣೆ

ಎಂಜಿನ್ ಇದ್ದರೂ ಗಳ ಮತ್ತು ಹುಟ್ಟು ದೋಣಿಯಲ್ಲಿ ಇರಲೇಬೇಕು ಅಂತ ಸೇರಿಸಿ.

ಘಟ್ಟದಮೇಲಿನವ

ಸೇರಿಸಿದೆ. ಈ ಭಾನುವಾರ ನೋಡಲು ಹೋಗುತ್ತೇನೆ, ಹುಡುಗನೂ ಬರುತ್ತಾನೆ. ಸುತ್ತಿಗೆಯಿಂದ ಬಡಿದರೆ ಮಾರುವವರು ಬೇಜಾರು ಮಾಡಿಕೊಳ್ಳುತ್ತಾರಾ?

ಹೊಳೆಬದಿ

ಮಾಡಿಕೊಳ್ಳಲಿ. ಅವರ ಎದುರಿಗೇ ಬಡಿಯಿರಿ ಭಾವ, ದಪ್ ಅಂದ ಕಡೆ ಇನ್ನೆರಡು ಸಲ ಬಡಿಯಿರಿ. ಬೆಲೆ ಅಲ್ಲೇ ಇಳಿಯುತ್ತದೆ.