ಮನೆ ಕುಕ್ಕೀಸ್: ಆರ್ಡರ್ ಹೆಚ್ಚುತ್ತಿದೆ, ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ (ಚಿಕ್ಕಮಗಳೂರು)

ಗಿರಿತಪ್ಪಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಪೇಟೆಯಲ್ಲಿ ಮನೆಯಿಂದಲೇ ಕುಕ್ಕೀಸ್ ವ್ಯಾಪಾರ. 60 ಲೀಟರಿನ ಒಂದು ಓಟಿಜಿ (ಕರೆಂಟಿನ ಓವನ್) ಇದೆ, ವಾರಕ್ಕೆ 8ರಿಂದ 10 ಕಿಲೋ ಖರ್ಚಾಗುತ್ತದೆ. ಬೆಣ್ಣೆ, ರಾಗಿ, ಕಾಫಿ, ತೆಂಗು, ಓಟ್ಸ್, ಚಾಕೊಲೇಟ್ ಎಲ್ಲ ಸೇರಿ ಒಂಬತ್ತು ಬಗೆ. 250 ಗ್ರಾಂ ಪ್ಯಾಕೆಟ್ಟಿಗೆ 120 ರೂಪಾಯಿ.

ಕೇಳಬೇಕಾದ್ದು ಮೂರು. ಎರಡು ಅಂಗಡಿಯವರು ಶೇ. 25 ಬಿಟ್ಟುಕೊಟ್ಟರೆ ಇಡುತ್ತೇವೆ ಎನ್ನುತ್ತಿದ್ದಾರೆ, ಒಪ್ಪಬಹುದಾ? ಮಳೆಗಾಲದಲ್ಲಿ ನಾಲ್ಕೈದು ದಿನಕ್ಕೇ ಮೆತ್ತಗಾಗುತ್ತಿವೆ, ಏನು ಮಾಡಬೇಕು? ದೊಡ್ಡ ಗ್ಯಾಸ್ ಓವನ್ ಈಗಲೇ ತೆಗೆದುಕೊಳ್ಳುವುದು ಸರಿಯಾ?

ತಕ್ಕಡಿ_ಹಾಸನ

ಮೊದಲು ಈಗಿನ ದರದ ಲೆಕ್ಕ ನೋಡೋಣ, ಉಳಿದದ್ದು ಆಮೇಲೆ. ಕೆಳಗಿನ ರೇಟುಗಳು ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮ ಬಿಲ್ಲಿನ ರೇಟು ಹಾಕಿ ಇದನ್ನೇ ಮತ್ತೆ ಮಾಡಿ.

ರಾಗಿ ಕುಕ್ಕೀಸ್ ಒಂದು ಕಿಲೋಗೆ: ಮೈದಾ 300 ಗ್ರಾಂ, ಹುರಿದ ರಾಗಿ ಹಿಟ್ಟು 200, ಉಪ್ಪಿಲ್ಲದ ಬೆಣ್ಣೆ 300, ಪುಡಿ ಸಕ್ಕರೆ 250, ಹಾಲಿನ ಪುಡಿ 20, ಬೇಕಿಂಗ್ ಪೌಡರ್ 5, ಉಪ್ಪು 3, ಹಾಲು ಸುಮಾರು 30 ಎಂಎಲ್, ಏಲಕ್ಕಿ. ಹಿಟ್ಟು ಒಟ್ಟು 1,100 ಗ್ರಾಂ ಚಿಲ್ಲರೆ ಆಗುತ್ತದೆ, ಬೆಂದ ಮೇಲೆ 1,000 ಉಳಿಯುತ್ತದೆ. ಬೆಣ್ಣೆ ಕಿಲೋಗೆ 600 ಎಂದರೆ 180 ರೂಪಾಯಿ, ಮೈದಾ 13.50, ರಾಗಿ 12, ಸಕ್ಕರೆ 12, ಉಳಿದ ಸಣ್ಣಪುಟ್ಟದ್ದು 22.50. ಒಟ್ಟು 240. ಅದರಲ್ಲಿ ಮುಕ್ಕಾಲು ಪಾಲು ಬೆಣ್ಣೆಯದೇ, ಹಾಗಾಗಿ ಬೆಣ್ಣೆಯನ್ನು ಕಣ್ಣಳತೆಯಲ್ಲಿ ಹಾಕಲೇಬಾರದು. ಒಡೆದದ್ದು, ಸೀದದ್ದು ಎಂದು ಶೇ. 5 ಬಿಟ್ಟರೆ ಮಾರಲು ಸಿಗುವ ಕಿಲೋಗೆ ಸಾಮಾನಿನ ಖರ್ಚು 253.

250 ಗ್ರಾಂಗೆ ಸಾಮಾನು 63, ಕವರ್ ಮತ್ತು ಲೇಬಲ್ 10, ಕರೆಂಟು 4. ಇಷ್ಟಕ್ಕೇ 77 ಆಯಿತು. ಒಂದು ಕಿಲೋ ಮಾಡಲು ತೂಕ, ಕಲೆಸುವುದು, ಉಂಡೆ, ಬೇಯಿಸುವುದು, ಪ್ಯಾಕಿಂಗ್ ಸೇರಿ 2 ಗಂಟೆ ಬೇಕು. ಗಂಟೆಗೆ 80 ರೂಪಾಯಿ ಕೂಲಿ ಹಾಕಿದರೂ ಪ್ಯಾಕೆಟ್ಟಿಗೆ 40. ಅಲ್ಲಿಗೆ 117. ನೀವು ನೇರವಾಗಿ ಮಾರಿದಾಗ ಮಿಗುವುದು 3 ರೂಪಾಯಿ. ಅದೇ ದರಕ್ಕೆ ಅಂಗಡಿಗೆ ಕೊಟ್ಟರೆ ಕೈಗೆ ಬರುವುದು 90, ಅಂದರೆ ಅರ್ಧ ಗಂಟೆ ದುಡಿದಿದ್ದಕ್ಕೆ 13 ರೂಪಾಯಿ. ಮನೆಯವರ ಕೂಲಿ ಲೆಕ್ಕಕ್ಕೆ ಹಿಡಿಯದೆ ಇರುವುದರಿಂದಲೇ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಗುತ್ತಿಲ್ಲ. ಈ ದರಕ್ಕೆ ಅಂಗಡಿ ಬೇಡ.

ದರ ಏರಿಸುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಅಂಗಡಿಯವರು ಶೇ. 25 ಎನ್ನುವುದು ಎಂಆರ್‌ಪಿ ಮೇಲೆ. ನಿಮ್ಮ ಕೈಗೆ 120 ಬರಬೇಕು ಎಂದುಕೊಂಡು ಅದಕ್ಕೆ ಶೇ. 25 ಕೂಡಿಸಿ 150 ಬರೆದರೆ, ಅವರು 37.50 ಹಿಡಿದು 112.50 ಕೊಡುತ್ತಾರೆ. 120ನ್ನು 0.75ರಿಂದ ಭಾಗಿಸಬೇಕು, ಆಗ 160 ಬರುತ್ತದೆ. ಪ್ಯಾಕೆಟ್ 200 ಗ್ರಾಂಗೆ ಇಳಿಸಿ, ಎಂಆರ್‌ಪಿ 160 ಹಾಕಿ. ಮನೆಯಲ್ಲೂ ಅದೇ ದರಕ್ಕೆ ಮಾರಿ. ಮನೆಗೆ ಬಂದವರಿಗೆ 120ಕ್ಕೆ ಕೊಟ್ಟರೆ ಅಂಗಡಿಯ ಮಾಲು ಅಲ್ಲೇ ಕೂರುತ್ತದೆ.

ಉಂಡೆ 14 ಗ್ರಾಂ ತೂಗಿ ಹಾಕಿದರೆ ಬೆಂದ ಮೇಲೆ 12.5 ಗ್ರಾಂ, 16 ಬಿಲ್ಲೆಗೆ ಸರಿಯಾಗಿ 200. ಉಂಡೆ ಸಮ ಇಲ್ಲದಿದ್ದರೆ ಪ್ಯಾಕೆಟ್ಟಿಗೆ 8–10 ಗ್ರಾಂ ಹೆಚ್ಚೇ ಹೋಗುತ್ತದೆ. ಅದು ಶೇ. 4–5 ಪುಕ್ಕಟೆ ಕೊಟ್ಟಂತೆ.

ಇನ್ನು ಒಂಬತ್ತು ಬಗೆ ವಾರಕ್ಕೆ 10 ಕಿಲೋಗೆ ತುಂಬಾ ಜಾಸ್ತಿ. ಓಟ್ಸ್, ಚಾಕೊಲೇಟ್ ಚಿಪ್ಸ್ ಅರ್ಧ ಪೊಟ್ಟಣ ಉಳಿದು ಹಳೆಯದಾಗುವ ನಷ್ಟ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ರಾಗಿ, ಕಾಫಿ, ತೆಂಗು, ಏಲಕ್ಕಿ ಬೆಣ್ಣೆ, ಈ ನಾಲ್ಕು ಸಾಕು. ಬೆಣ್ಣೆ ಬಿಸ್ಕತ್ತಿನಲ್ಲಿ ಮಾತ್ರ ಬೇಕರಿಯವರ ದರಕ್ಕೆ ಇಳಿಯಲು ಹೋಗಬೇಡಿ. ಅಯ್ಯಂಗಾರ್ ಬೇಕರಿಗಳ ಬೇರಿರುವುದೇ ನಮ್ಮ ಹಾಸನ ಜಿಲ್ಲೆಯಲ್ಲಿ, ಖಾರ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಅವರ ಕೈಯಲ್ಲಿ ಪಳಗಿದ ಮಾಲು, ಒಂದೇ ಸಲಕ್ಕೆ ಹತ್ತಾರು ಕಿಲೋ ಬೇಯುತ್ತದೆ.

ಸಕಲೇಶಪುರ_ಮಳೆ

ಮೆತ್ತಗಾಗುವುದಕ್ಕೆ ಎಲ್ಲರೂ ಕವರನ್ನು ಬೈಯುತ್ತಾರೆ. ಕವರ್ ಮೂರನೆಯ ಕಾರಣ. ಮೊದಲನೆಯದು ಒಳಗೆ ಪೂರ್ತಿ ಒಣಗದೆ ಇರುವುದು, ಎರಡನೆಯದು ಬೆಚ್ಚಗಿರುವಾಗಲೇ ತುಂಬುವುದು.

ತಣ್ಣಗಾದ ಒಂದು ಬಿಲ್ಲೆಯನ್ನು ಮುರಿದು ಅಂಚನ್ನು ಬೆಳಕಿಗೆ ಹಿಡಿಯಿರಿ. ನಡುವೆ ಸುತ್ತಲಿಗಿಂತ ಗಾಢವಾದ, ಸ್ವಲ್ಪ ಹಸಿ ಹೊಳಪಿನ ಗೆರೆ ಕಂಡರೆ ನೀರು ಒಳಗೇ ಇದೆ. ಒಂದು ದಿನದಲ್ಲಿ ಆ ತೇವ ಹೊರಗಿನ ಗರಿಗರಿಗೆ ಹರಡಿ ಇಡೀ ಬಿಲ್ಲೆ ಮೆತ್ತಗಾಗುತ್ತದೆ. ಇದನ್ನು ತೂಕದಲ್ಲೂ ಹಿಡಿಯಬಹುದು: 20 ಉಂಡೆಯ ತಟ್ಟೆಯ ಹಿಟ್ಟು 280 ಗ್ರಾಂ ಇದ್ದದ್ದು, ಬೆಂದು ಬಂದಾಗ 252ರ ಆಸುಪಾಸಿಗೆ ಇಳಿದಿರಬೇಕು. 260 ತೋರಿಸಿದರೆ ಇನ್ನೂ 8 ಗ್ರಾಂ ನೀರು ಹೋಗಬೇಕಿದೆ. ಉರಿ ಏರಿಸಿದರೆ ಹೊರಗೆ ಸೀದು ಒಳಗೆ ಹಾಗೇ ಇರುತ್ತದೆ. 160 ಡಿಗ್ರಿಯಲ್ಲೇ ಬೇಯಿಸಿ, ಎಲ್ಲ ತಟ್ಟೆ ಮುಗಿದ ಮೇಲೆ ಒಟ್ಟಿಗೆ ಮತ್ತೆ 100–110 ಡಿಗ್ರಿಯಲ್ಲಿ 15–20 ನಿಮಿಷ ಒಣಗಿಸಿ. ಬಣ್ಣ ಬದಲಾಗುವುದಿಲ್ಲ, ತೇವ ಹೋಗುತ್ತದೆ.

ಆಮೇಲೆ ಜಾಲರಿ ಮೇಲೆ 45 ನಿಮಿಷ ಆರಿಸಿ. ಬಿಸಿ ಇರುವಾಗ ತುಂಬಿದರೆ ಆವಿ ಕವರಿನ ಒಳಮೈಗೆ ಕೂತು ನೀರಾಗುತ್ತದೆ. ಹಾಗೆಂದು ಜುಲೈ ತಿಂಗಳಲ್ಲಿ ರಾತ್ರಿಯಿಡೀ ತೆರೆದಿಡುವುದೂ ತಪ್ಪು, ನಮ್ಮ ಮಲೆನಾಡಿನ ಗಾಳಿ ಬೆಳಗಾಗುವುದರೊಳಗೆ ಕೆಲಸ ಕೆಡಿಸುತ್ತದೆ. ಆರಿದ ಕೂಡಲೇ ತುಂಬಬೇಕು, ಪ್ಯಾಕೆಟ್ ಆಗದಿದ್ದರೆ ಬಿಗಿ ಮುಚ್ಚಳದ ಡಬ್ಬಿಗಾದರೂ ಹೋಗಬೇಕು.

ಕವರ್ ವಿಷಯ. ಕಿಟಕಿ ಇರುವ ಕಂದು ಕಾಗದದ ಚೀಲ ನೋಡಲು ಚಂದ, ಮಳೆಗಾಲಕ್ಕೆ ಆಗದು. ಒಳಗೆ ಅಲ್ಯೂಮಿನಿಯಂ ಪದರವಿರುವ ಮೂರು ಪದರದ ಕವರ್ ಬೇಕು, ಜೊತೆಗೆ ಆಹಾರಕ್ಕೆ ಬಳಸುವ 2 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ. ಸೀಲ್ ಮಾಡುವ ಜಾಗವನ್ನು ಒಣಬಟ್ಟೆಯಿಂದ ಒರೆಸಿ. ಒಂದು ಚೂರು ಪುಡಿ ಸಿಕ್ಕಿಕೊಂಡರೂ ಅಲ್ಲೇ ಗಾಳಿ ಆಡುತ್ತದೆ. ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ಸಲ ಸೀಲ್ ಮಾಡಿ. ದಿನಕ್ಕೊಂದು ಖಾಲಿ ಕವರನ್ನು ಗಾಳಿ ತುಂಬಿ ಸೀಲ್ ಮಾಡಿ ಬಕೆಟ್ ನೀರಿನಲ್ಲಿ ಅದುಮಿ ನೋಡಿ, ಗುಳ್ಳೆ ಬಂದರೆ ಮೆಷಿನ್ನಿನ ಕಾವು ಸರಿಯಿಲ್ಲ ಎಂದರ್ಥ.

ಎಷ್ಟು ದಿನ ಬಾಳುತ್ತದೆ ಎಂದು ಊಹಿಸಿ ಲೇಬಲ್ ಹಾಕಬೇಡಿ. ಸೀಲ್ ಮಾಡಿದ ಐದಾರು ಪ್ಯಾಕೆಟ್ ಎತ್ತಿಟ್ಟು, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. 200 ಗ್ರಾಂ ಪ್ಯಾಕೆಟ್ 2 ಗ್ರಾಂ ಏರಿದರೆ ಶೇ. 1 ತೇವ ಒಳಗೆ ಹೋಗಿದೆ ಎಂದು ಲೆಕ್ಕ. ವಾರಕ್ಕೊಂದನ್ನು ಬಿಚ್ಚಿ ತಿಂದೂ ನೋಡಿ. ತೆಂಗಿನದಕ್ಕೆ ತೇವಕ್ಕಿಂತ ಮೊದಲು ಕಮಟು ಬರಬಹುದು, ಅದು ತೂಕದಲ್ಲಿ ಗೊತ್ತಾಗುವುದಿಲ್ಲ.

ಬೆಲ್ಲ ಹಾಕುವವರಿಗೆ: ಬೆಲ್ಲ ಗಾಳಿಯ ತೇವವನ್ನು ಸಕ್ಕರೆಗಿಂತ ಬೇಗ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಸಿಹಿಯ ಮೂರನೇ ಒಂದು ಪಾಲು ಮಾತ್ರ ಒಣ ಬೆಲ್ಲದ ಪುಡಿ ಇರಲಿ. ಜೋನಿ ಬೆಲ್ಲ ದೋಸೆಗೇ ಸರಿ.

ಬೇಲೂರು_ರಸ್ತೆ

ಕಾಫಿ ಕುಕ್ಕೀಸ್ ಬಗ್ಗೆ ಒಂದು ಮಾತು, ಚಿಕ್ಕಮಗಳೂರಿಗೆ ಬಂದವರು ಕೇಳುವುದೇ ಅದನ್ನು. ಡಿಕಾಕ್ಷನ್ ಹಾಕಿದರೆ ನೀರು ಸೇರಿ ಬಿಲ್ಲೆ ಹರಡುತ್ತದೆ, ಗರಿ ಬರುವುದಿಲ್ಲ. ಫಿಲ್ಟರ್ ಪುಡಿಯನ್ನು ಹಾಗೇ ಹಾಕಿದರೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ, ಚಿಕೋರಿ ಇದ್ದರೆ ಕಹಿಯೂ ಜಾಸ್ತಿ. ಕಿಲೋಗೆ 12–15 ಗ್ರಾಂ ಚಿಕೋರಿ ಇಲ್ಲದ ಪುಡಿಯನ್ನು ಅಳತೆಯ ಬೆಣ್ಣೆಯಲ್ಲಿ 100 ಗ್ರಾಂ ಕರಗಿಸಿ ಅದರಲ್ಲಿ ಅರ್ಧ ಗಂಟೆ ಸಣ್ಣ ಬಿಸಿಯಲ್ಲಿಟ್ಟು, ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ ಬಳಸಿ. ಬಟ್ಟೆಯಲ್ಲಿ ಉಳಿದ ಬೆಣ್ಣೆಯ ತೂಕ ಹಿಡಿದು ಅಷ್ಟನ್ನು ಮತ್ತೆ ಸೇರಿಸಬೇಕು.

ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ 6–8 ನಿಮಿಷ ಘಮ ಬರುವವರೆಗೆ ಹುರಿದು ಪೂರ್ತಿ ಆರಿಸಿ. ಕಲೆಸಿದ ಹಿಟ್ಟಿಗೆ ಅರ್ಧ ಗಂಟೆ ವಿಶ್ರಾಂತಿ ಕೊಡದಿದ್ದರೆ ತರಿತರಿ ಎನ್ನುತ್ತದೆ. ರಾಗಿಯಲ್ಲಿ ಅಂಟು ಇಲ್ಲ, ಒಟ್ಟು ಹಿಟ್ಟಿನ ಶೇ. 40 ದಾಟಿದರೆ ಪ್ಯಾಕೆಟ್ಟಿನಲ್ಲೇ ಪುಡಿಯಾಗುತ್ತದೆ.

ಹಳ್ಳಿ ಬೆಣ್ಣೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕುಕ್ಕೀಸಿಗೆ ಬೇಡ. ಅದರಲ್ಲಿ ಮಜ್ಜಿಗೆಯ ಅಂಶ ಒಂದೊಂದು ಸಲ ಒಂದೊಂದು ಥರ, ಒಂದು ವಾರ ಹರಡುತ್ತದೆ, ಇನ್ನೊಂದು ವಾರ ಹುಳಿ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆ ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೇ ಬರುವುದು, ನಂದಿನಿಯ ಉಪ್ಪಿಲ್ಲದ ಬೆಣ್ಣೆಯನ್ನೇ ಪೆಟ್ಟಿಗೆ ಲೆಕ್ಕದಲ್ಲಿ ತಂದು ಫ್ರೀಜರಿನಲ್ಲಿಡಿ.

ಮೂರು_ಫೇಸ್

ಓವನ್ ಪ್ರಶ್ನೆಗೆ. ತಟ್ಟೆಗೆ 250 ಗ್ರಾಂ, ತಟ್ಟೆಗೆ 20 ನಿಮಿಷ. ಅಂದರೆ ಗಂಟೆಗೆ 750 ಗ್ರಾಂ, ಎಷ್ಟೇ ಚುರುಕಾಗಿ ಉಂಡೆ ಕಟ್ಟಿದರೂ ಅದಕ್ಕಿಂತ ಮೇಲೆ ಹೋಗಲಾರಿರಿ. ಎರಡು ತಟ್ಟೆ ಮೇಲೆ ಕೆಳಗೆ ಇಟ್ಟರೆ ಮೇಲಿನದಕ್ಕೆ ಕೆಳಗಿನ ಕಾವು ಸಿಗದು, ಕೆಳಗಿನದರ ತಳ ಸೀಯುತ್ತದೆ. 3 ಕಿಲೋಗೆ ಈಗ ಎಲ್ಲ ಕೆಲಸ ಸೇರಿ 6 ಗಂಟೆ ಹಿಡಿಯುತ್ತದೆ. ಇನ್ನೊಂದು ಓಟಿಜಿ ಬಂದರೆ 3 ಗಂಟೆಗೆ ಮುಗಿಯುತ್ತದೆ, ಕೂಲಿ ಕಿಲೋಗೆ 80ಕ್ಕೆ ಇಳಿಯುತ್ತದೆ. ಮೇಲೆ ತಕ್ಕಡಿಯವರು ಹಾಕಿದ ಲೆಕ್ಕಕ್ಕೆ ಇದನ್ನು ಸೇರಿಸಿ: 200 ಗ್ರಾಂಗೆ ಸಾಮಾನು 51, ಕವರ್ 10, ಕರೆಂಟು 3, ಕೂಲಿ 16, ಒಟ್ಟು 80. ಅಂಗಡಿಯಿಂದ 120 ಬಂದರೆ 40 ಉಳಿಯುತ್ತದೆ. ಅದರಲ್ಲೇ ಓಡಾಟ, ವಾಪಸ್ಸು ಬಂದ ಮಾಲು, ಓವನ್ ಸವೆತ ಎಲ್ಲ ತೂಗಬೇಕು.

ಹಾಗಾಗಿ ಈಗ ಎರಡನೇ ಓಟಿಜಿ ಸಾಕು. ಒಂದೊಂದೂ ಸುಮಾರು 2,000 ವ್ಯಾಟ್ ಎಳೆಯುತ್ತದೆ. ಒಂದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಹಾಕಿ ಎರಡನ್ನೂ ಸೇರಿಸಬೇಡಿ, ವೈರು ಕಾದು ಕರಗುತ್ತದೆ. ಬೇರೆ ಬೇರೆ ಲೈನಿನ 16 ಆಂಪಿಯರ್ ಸಾಕೆಟ್ ಬೇಕು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ, ಸಾಲದಿದ್ದರೆ ಮೆಸ್ಕಾಂಗೆ ಅರ್ಜಿ ಹಾಕಿ (ಹಾಸನದವರಾದರೆ ಚೆಸ್ಕಾಂ).

ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ತಟ್ಟೆ ಹೋಗಿ 10 ನಿಮಿಷ ದಾಟಿದ್ದರೆ ಒಳಗಿನ ಕಾವಿನಲ್ಲೇ ಬಹುಪಾಲು ಬೇಯುತ್ತದೆ, ಆಮೇಲೆ ಒಣಗಿಸಿಕೊಳ್ಳಬಹುದು. ಮೊದಲ ಐದು ನಿಮಿಷದೊಳಗೆ ಹೋದರೆ ಬೆಣ್ಣೆ ಕರಗಿ ಹಿಟ್ಟು ಗಟ್ಟಿಯಾಗುವ ಮೊದಲೇ ಹರಡುತ್ತದೆ, ಆ ತಟ್ಟೆ ಉಳಿಯುವುದು ಕಷ್ಟ. ಉಳಿದ ಹಿಟ್ಟು ಫ್ರಿಜ್ಜಿನಲ್ಲೇ ಇರಲಿ.

ವಾರಕ್ಕೆ 40 ಕಿಲೋ ಸತತ ಮೂರು ತಿಂಗಳು ಹೋದರೆ ಗ್ಯಾಸ್ ಡೆಕ್ ಓವನ್ ಯೋಚಿಸಿ. ಅದಕ್ಕೆ 19 ಕಿಲೋ ವಾಣಿಜ್ಯ ಸಿಲಿಂಡರ್ರೇ ಬೇಕು, ಅಡುಗೆಮನೆಯ 14.2 ಕಿಲೋದು ವ್ಯಾಪಾರಕ್ಕೆ ಬಳಸುವಂತಿಲ್ಲ.

ಲೇಬಲ್_ನೋಡಿ

ಅಂಗಡಿಗೆ ಇಡುವ ಮೊದಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿರಬೇಕು, ಮನೆಯಿಂದ ಮಾಡಿದರೂ ಸರಿ. 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಬರಬೇಕು. ಜೊತೆಗೆ ಪದಾರ್ಥಗಳು (ಹೆಚ್ಚು ತೂಕದ್ದು ಮೊದಲು), ಹಸಿರು ಚುಕ್ಕೆ, ನಿವ್ವಳ ತೂಕ, ಬ್ಯಾಚ್ ನಂಬರು, ತಯಾರಿಸಿದ ಮತ್ತು ಬಳಸಬೇಕಾದ ಕೊನೆಯ ದಿನ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂ ಲೆಕ್ಕದ ದರ (160ಕ್ಕೆ 200 ಗ್ರಾಂ ಎಂದರೆ ಗ್ರಾಂಗೆ 0.80), ವಿಳಾಸ, ಗೋಧಿ ಮತ್ತು ಹಾಲಿನ ಅಂಶ ಇದೆ ಎಂಬ ಅಲರ್ಜಿ ಸೂಚನೆ. ರಾಗಿ ಪ್ಯಾಕೆಟ್ ಮೇಲೆ ‘ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು’ ಎಂದು ದಯವಿಟ್ಟು ಬರೆಯಬೇಡಿ. ಒಳಗೆ ಕಾಲು ಭಾಗ ಸಕ್ಕರೆ ಇದೆ, ನಂಬಿ ತಿನ್ನುವವರ ಆರೋಗ್ಯದ ಪ್ರಶ್ನೆ ಅದು.

ಬಿಸ್ಕತ್ತಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿದಿದೆ. ರಾಜ್ಯದೊಳಗೆ ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಬೆಂಗಳೂರಿಗೆ ಕೊರಿಯರ್ ಮಾಡಿದರೆ ತೊಂದರೆಯಿಲ್ಲ, ಚೆನ್ನೈಗೋ ಕೊಚ್ಚಿಗೋ ಮಾರಿದರೆ ಆ ಮಿತಿ ಅನ್ವಯಿಸುವುದಿಲ್ಲ.

ಗಿರಿತಪ್ಪಲು

ತುಂಬಾ ಉಪಕಾರವಾಯಿತು. 160 ಎಂದರೆ ಈಗಿನ ಗಿರಾಕಿಗಳು ಬಿಡುತ್ತಾರೇನೋ ಎಂಬ ಭಯ. ಮತ್ತೆ ದೀಪಾವಳಿಗೆ ತಲಾ 400 ಗ್ರಾಂನ 40 ಬಾಕ್ಸ್ ಕೇಳಿದ್ದಾರೆ, ಒಪ್ಪಿಕೊಳ್ಳಲಾ?

ತಕ್ಕಡಿ_ಹಾಸನ

40 ಬಾಕ್ಸ್ ಎಂದರೆ 16 ಕಿಲೋ. ಒಂದು ಓಟಿಜಿಯಲ್ಲಿ ಬರೀ ಬೇಯಿಸಲು 21–22 ಗಂಟೆ, ದಿನಕ್ಕೆ ಐದೂವರೆ ಗಂಟೆಯಂತೆ ನಾಲ್ಕು ದಿನ. ವಾರದ ಆರ್ಡರ್ ಬೇರೆ ಇದೆಯಲ್ಲ, ಆ ವಾರ ಅದನ್ನು ನಿಲ್ಲಿಸಿದರೆ ಮಾತ್ರ ಒಪ್ಪಿ. ಅರ್ಧ ಹಣ ಮುಂಗಡ ತೆಗೆದುಕೊಳ್ಳಿ, ಬೆಣ್ಣೆಗೇ ಮೂರು ಸಾವಿರದ ಹತ್ತಿರ ಬೇಕು. ಹಿಟ್ಟನ್ನು ಉರುಳೆ ಮಾಡಿ ಪ್ಲಾಸ್ಟಿಕ್ ಸುತ್ತಿ ಫ್ರೀಜರಿನಲ್ಲಿ ಎರಡು ವಾರ ಮೊದಲೇ ಇಟ್ಟುಕೊಳ್ಳಬಹುದು, ಹಿಂದಿನ ರಾತ್ರಿ ಫ್ರಿಜ್ಜಿಗಿಳಿಸಿ ಬೆಳಿಗ್ಗೆ ಕೊಯ್ದರೆ ಆಯಿತು. ಹಾಸನದ ಕಡೆಯವರು ಕೇಳಿದರೆ ಹಾಸನಾಂಬೆ ಬಾಗಿಲು ತೆರೆಯುವುದೂ ಅದೇ ಸಮಯದಲ್ಲಿ ಎನ್ನುವುದು ನೆನಪಿರಲಿ, ಪೇಟೆಯೊಳಗೆ ಗಾಡಿ ಹೋಗುವುದೇ ಕಷ್ಟ. ಎರಡು ದಿನ ಮೊದಲೇ ತಲುಪಿಸಿ.

ದರದ ಭಯಕ್ಕೆ: ಹಳೆಯ ಪ್ಯಾಕೆಟ್ಟಿನಲ್ಲೇ 120 ಅಳಿಸಿ ಹೊಸ ದರ ಬರೆದರೆ ಜನಕ್ಕೆ ಕಣ್ಣಿಗೆ ಹೊಡೆಯುತ್ತದೆ. ಹೊಸ ಕವರ್, ಹೊಸ ಲೇಬಲ್, ನಾಲ್ಕೇ ಬಗೆ ಒಟ್ಟಿಗೆ ಬರಲಿ.

ಅಂಗಡಿಗಿಂತ ಮೊದಲು ಹೋಂಸ್ಟೇಗಳನ್ನು ಕೇಳಿ. ಮುಳ್ಳಯ್ಯನಗಿರಿ ದಾರಿಯಲ್ಲಿ, ಮೂಡಿಗೆರೆ ಕಡೆ ಎಷ್ಟೊಂದಿವೆ. ಅವರಿಗೆ ಪ್ಯಾಕೆಟ್ ಬೇಡ, ಸಂಜೆ ಕಾಫಿ ಜೊತೆ ಇಡಲು ಬೇಕು. 2 ಕಿಲೋ ಹಿಡಿಯುವ ಬಿಗಿ ಮುಚ್ಚಳದ ಡಬ್ಬಿ ಎರಡು ಇಟ್ಟುಕೊಂಡು, ಶುಕ್ರವಾರ ತುಂಬಿದ್ದು ಕೊಟ್ಟು ಖಾಲಿ ತನ್ನಿ. ಎರಡನೇ ಓಟಿಜಿ ಬಂದ ಮೇಲಿನ ಕೂಲಿ ಹಿಡಿದರೆ, ಕವರಿನ ಖರ್ಚಿಲ್ಲದೆ ನಿಮಗೆ ಕಿಲೋಗೆ 350 ಬೀಳುತ್ತದೆ, 500ಕ್ಕೆ ಕೊಟ್ಟರೂ 150 ಉಳಿಯುತ್ತದೆ. ಅಂಗಡಿಗೆ ಮೊದಲ ಸಲ ಬಗೆಗೆ ಆರೇ ಪ್ಯಾಕೆಟ್ ಇಡಿ, ಮಾರಿದಷ್ಟನ್ನೇ ತುಂಬಿ. ಹಿಂದಿನ ಬಿಲ್ ಕೈಗೆ ಬರುವವರೆಗೆ ಹೊಸ ಮಾಲು ಇಳಿಸಬೇಡಿ. ಉದ್ರಿ ಒಂದು ಸಲ ಶುರುವಾದರೆ ಬೆಣ್ಣೆಯ ದುಡ್ಡು ಅವರ ಗಲ್ಲಾದಲ್ಲೇ ಕೂರುತ್ತದೆ.