1983ರಲ್ಲಿ ಹೆಚ್ಚು ಮತ ಪಡೆದ ಪಕ್ಷವೇ ಅಧಿಕಾರ ಕಳೆದುಕೊಂಡದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. 1983ರ ಜನವರಿಯ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 40, ಜನತಾ ಪಕ್ಷಕ್ಕೆ ಸುಮಾರು ಶೇ 33 ಮತ ಬಂದಿವೆ. ಆದರೆ 224 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 82, ಜನತಾಗೆ 95. ಇದು ಅಚ್ಚಿನ ತಪ್ಪೇ? ‘ಜನ ಕಾಂಗ್ರೆಸ್ಸನ್ನು ತಿರಸ್ಕರಿಸಿದರು’ ಎಂದು ಬರೆಯಬಹುದೇ?

ಉತ್ತರ (ನಿವೃತ್ತ ರಾಜ್ಯಶಾಸ್ತ್ರ ಪ್ರಾಧ್ಯಾಪಕ): ತಪ್ಪಲ್ಲ. ಹಾಗೆ ಬರೆಯಬೇಡಿ, ಅದು ಅರ್ಧ ಸತ್ಯ.

ಕಾಂಗ್ರೆಸ್ ಹೆಚ್ಚುಕಡಿಮೆ ಎಲ್ಲ ಕ್ಷೇತ್ರಗಳಲ್ಲೂ ಸ್ಪರ್ಧಿಸಿತ್ತು, ಜನತಾ 200ಕ್ಕೂ ಕಡಿಮೆ ಕಡೆ. ಹಾಗಾಗಿ ಒಟ್ಟು ಮತದ ಲೆಕ್ಕದಲ್ಲಿ ಕಾಂಗ್ರೆಸ್ಸೇ ಮುಂದೆ ಕಾಣುತ್ತದೆ. ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಆ ಪಕ್ಷವನ್ನು ಹಳ್ಳಿಹಳ್ಳಿಯಲ್ಲಿ ಬೇರೂರಿಸಿದ್ದ ಮಾಜಿ ಮುಖ್ಯಮಂತ್ರಿ ದೇವರಾಜ ಅರಸು ಅವರೇ ಹೊರಬಂದು ಕ್ರಾಂತಿರಂಗ ಎಂಬ ಪಕ್ಷ ಕಟ್ಟಿದ್ದರು. 1982ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅವರ ಹಿಂಬಾಲಕರು ಜನತಾ ಜೊತೆ ಕೂಡಿ ಚುನಾವಣೆಗೆ ನಿಂತರು. ಅದುವರೆಗೆ ಹಂಚಿಹೋಗುತ್ತಿದ್ದ ವಿರೋಧಿ ಮತ ಅನೇಕ ಕ್ಷೇತ್ರಗಳಲ್ಲಿ ಒಂದೇ ಕಡೆ ಬಿತ್ತು.

ಸಿಟ್ಟು ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ಎದ್ದ ರೈತರ ಮೇಲೆ ಗುಂಡು ಹಾರಿತು. 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದ ಗೋಕಾಕ್ ವರದಿಯ ಜಾರಿಗಾಗಿ ಡಾ. ರಾಜ್‌ಕುಮಾರ್ ಬೀದಿಗಿಳಿದರು. ಮುಖ್ಯಮಂತ್ರಿ ಗುಂಡೂರಾವ್ ಸ್ವತಃ ಸೋತರು. ಆದರೆ ಸಿಟ್ಟೊಂದೇ ಸರ್ಕಾರ ಕೆಡವುವುದಿಲ್ಲ. ಆ ಸಿಟ್ಟು ಮತಪತ್ರದ ಮೇಲೆ ಒಂದೇ ಚಿಹ್ನೆಯ ಎದುರು ಬೀಳಬೇಕು.

ಎಣಿಕೆ ಮೇಜಿನಲ್ಲಿ ನಾನು ಕುಳಿತಿದ್ದೆ. ಮುದ್ರೆಯ ಮಸಿ ಒಣಗುವ ಮೊದಲೇ ಮಡಿಸಿದರೆ ಗುರುತು ಪಕ್ಕದ ಚಿಹ್ನೆಗೂ ತಾಗುತ್ತಿತ್ತು. ಅಂಥ ಒಂದೊಂದು ಪತ್ರವನ್ನೂ ಬೆಳಕಿಗೆ ಹಿಡಿದು, ಯಾವುದು ಒತ್ತಿದ ಗುರುತು, ಯಾವುದು ಮಡಿಕೆಯ ನೆರಳು ಎಂದು ನೋಡುತ್ತಿದ್ದೆವು. ಏಜೆಂಟರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು.

ಪ್ರಶ್ನೆ (ಇನ್ನೊಬ್ಬರು): 95 ಸ್ಥಾನದಲ್ಲಿ ಸರ್ಕಾರ ನಿಂತದ್ದು ಹೇಗೆ, ಗುರುಗಳೇ? ಹೆಗಡೆಯವರು ಶಾಸಕರೂ ಆಗಿರಲಿಲ್ಲವಂತೆ.

ಉತ್ತರ: ಹೌದು. ಜನವರಿ 10ರಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಶಾಸಕರಾಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. ಬಿಜೆಪಿಯ 18 ಶಾಸಕರು ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಆಗ ಪಕ್ಷಾಂತರ ನಿಷೇಧ ಕಾಯ್ದೆ ಇರಲಿಲ್ಲ, ಅದು ಬಂದದ್ದು 1985ರಲ್ಲಿ. ಪ್ರತಿ ದಿನವೂ ತಲೆ ಎಣಿಸಿಕೊಂಡು ಆಡಳಿತ ನಡೆಸಬೇಕಾಗಿತ್ತು.

ಮೊದಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. ಜನಾದೇಶ ಕಳೆದುಕೊಂಡೆವೆಂದು ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾಗೆ 139 ಸ್ಥಾನ ಕೊಟ್ಟರು. ನಿಮ್ಮ ‘ತಿರಸ್ಕರಿಸಿದರು’ ಎಂಬ ಪದಕ್ಕೆ ಸರಿಯಾದ ಜಾಗ ಈ ಚುನಾವಣೆ, 1983 ಅಲ್ಲ.