ಹಳೇ ಜೀಪಿನ ಕ್ಲಚ್ ಎಷ್ಟು ಸಮಯ ಬಾಳಬೇಕು?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯಿಂದ):
ಅಣ್ಣ, ನಮಸ್ಕಾರ. ನಮ್ಮದು 90ರ ದಶಕದ ಮಹೀಂದ್ರ ಎಂಎಂ 540, ಫೋರ್ ವೀಲ್. ಅಡಿಕೆ, ತೆಂಗಿನಕಾಯಿ, ಗೊಬ್ಬರ ಸಾಗಿಸಲಿಕ್ಕೆ ಇಟ್ಟುಕೊಂಡದ್ದು. ತೋಟದಿಂದ ಮಾರ್ಗಕ್ಕೆ ಬರುವಲ್ಲಿ ಮುರಕಲ್ಲಿನ ದೊಡ್ಡ ಚಡವು ಇದೆ. ಹೊಸ ಕ್ಲಚ್ ಪ್ಲೇಟ್ ಹಾಕಿಸಿ ಇನ್ನೂ 30,000 ಕಿ.ಮೀ. ಆಗಿಲ್ಲ. ಈಗ ಲೋಡ್ ಇದ್ದರೆ ಎಂಜಿನ್ ಸುಮ್ನೆ ಕೂಗುತ್ತದೆ, ಜೀಪು ಏರುವುದಿಲ್ಲ. ಸುಟ್ಟ ವಾಸನೆ ಬೇರೆ. ಕಾರಿಗಾದರೆ ಲಕ್ಷ ಕಿ.ಮೀ. ಬರುತ್ತದೆ ಅಲ್ವಾ? ಪ್ಲೇಟ್ ಡೂಪ್ಲಿಕೇಟ್ ಇರಬಹುದಾ?

ಉತ್ತರ (ಮೆಕ್ಯಾನಿಕ್):
ಪ್ಲೇಟನ್ನು ಈಗಲೇ ದೂರಬೇಡಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಪೂರ್ತಿ ಬಿಟ್ಟಾಗಲೂ ಪ್ಲೇಟ್ ಸವೆಯುವುದಿಲ್ಲ. ಅರ್ಧದಲ್ಲಿ ಜಾರುವಾಗ ಮಾತ್ರ ಉಜ್ಜಿ ಬಿಸಿಯಾಗುತ್ತದೆ. ಹೈವೇಯಲ್ಲಿ ಟಾಪ್ ಗೇರಿನಲ್ಲಿ ಓಡುವ ಗಾಡಿಗೆ ಲಕ್ಷ ಕಿ.ಮೀ. ದೊಡ್ಡ ವಿಷಯವಲ್ಲ. ಲೋಡ್ ಹೊತ್ತು ಗುಡ್ಡೆ ಹತ್ತುವ ಜೀಪಿಗೆ 40-50 ಸಾವಿರ ಬಂದರೆ ಚೆನ್ನಾಗಿಯೇ ಬಂತು ಅಂತ ನಾನು ಹೇಳುತ್ತೇನೆ. ಹಾಫ್ ಕ್ಲಚ್ಚಿನಲ್ಲೇ ನಿಲ್ಲಿಸಿ ಎಳೆದರೆ ಹೊಸ ಪ್ಲೇಟ್ ಒಂದೇ ದಿನದಲ್ಲೂ ಸುಟ್ಟುಹೋಗಬಹುದು.

ಚಡವಿನಲ್ಲಿ ಲೋ (ಫೋರ್ ವೀಲಿನ ನಿಧಾನ, ಹೆಚ್ಚು ಎಳೆತದ ಗೇರ್) ಹಾಕುತ್ತೀರಾ? ಕ್ಲಚ್ ಪೆಡಲಿನಲ್ಲಿ ಪ್ಲೇ, ಅಂದರೆ ಬಿಗಿ ಸಿಗುವ ಮೊದಲಿನ ಸಡಿಲ, ಎಷ್ಟಿದೆ?

ಪ್ರಶ್ನೆ:
ಲೋ ಹಾಕುವುದಿಲ್ಲ ಅಣ್ಣ. ಕೆಸರಲ್ಲಿ ಹೂತರೆ ಮಾತ್ರ. ಫಸ್ಟ್ ಗೇರಿನಲ್ಲಿ ಕ್ಲಚ್ ಸ್ವಲ್ಪ ಸ್ವಲ್ಪ ಬಿಟ್ಟು ಹತ್ತಿಸುವುದು. ಪೆಡಲ್ ಮುಟ್ಟಿದ ಕೂಡಲೇ ಬಿಗಿ.

ಉತ್ತರ:
ಹಾಗಾದರೆ ಕಾರಣ ಎರಡೂ ಇದೆ.

ಮೊದಲು ಪೆಡಲ್. ಹಳೇ ಜೀಪಿನಲ್ಲಿ ಸುಮಾರು ಒಂದು ಇಂಚು ಸಡಿಲ ಇರಬೇಕು. ಪ್ಲೇಟ್ ಸವೆದ ಹಾಗೆ ಆ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಹೋದರೆ ನೀವು ಕಾಲಿಡದಿದ್ದರೂ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಪ್ರೆಶರ್ ಪ್ಲೇಟನ್ನು (ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಭಾಗ) ಒತ್ತಿಕೊಂಡೇ ಇರುತ್ತದೆ. ಹಿಡಿತ ಸಡಿಲವಾಗಿ ಕ್ಲಚ್ ಜಾರುತ್ತದೆ. ಕೆಳಗೆ ರಾಡಿನ ನಟ್ ತಿರುಗಿಸಿ ಸರಿ ಮಾಡುವುದು ಸ್ವಲ್ಪ ಹೊತ್ತಿನ ಕೆಲಸ. ಇದನ್ನು ಇವತ್ತೇ ಮಾಡಿಸಿ. ಆಮೇಲೆ ಸಮತಟ್ಟಾದ ಖಾಲಿ ಮಾರ್ಗದಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿ ನೋಡಿ. ಶಬ್ದ ಏರಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ.

ಇನ್ನು ಲೋ. ಅದು ಹೂತಾಗ ಮಾತ್ರ ಹಾಕುವ ಗೇರ್ ಅಂತ ನಮ್ಮ ಊರಲ್ಲಿ ತುಂಬಾ ಜನ ತಿಳಿದಿದ್ದಾರೆ. ನನಗೆ ನಿಜವಾಗಿ ಬೇಸರ ಆಗುವುದು ಇದಕ್ಕೇ. ಲೋ ಹಾಕಿದರೆ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಎಳೆತ ಸಿಗುತ್ತದೆ. ಬುಡದಲ್ಲೇ ಜೀಪು ನಿಲ್ಲಿಸಿ, ಮುಂದಿನ ಚಕ್ರಗಳಲ್ಲಿ ಹಬ್ ಲಾಕ್ (ಚಕ್ರವನ್ನು ಆಕ್ಸಲಿಗೆ ಸೇರಿಸುವ ಲಾಕ್) ಇದ್ದರೆ ಹಾಕಿ, ಫೋರ್ ವೀಲ್ ಲೋ ಮಾಡಿ. ಫಸ್ಟ್ ಅಥವಾ ಸೆಕೆಂಡ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಕಾಲು ಪಕ್ಕಕ್ಕೆ ಇಡಿ. ಜೀಪು ತಾನಾಗಿ ಹತ್ತುತ್ತದೆ. ಮೇಲೆ ಡಾಮರು ಸಿಕ್ಕಿದ ಕೂಡಲೇ ಟೂ ವೀಲ್‌ಗೆ ತನ್ನಿ. ಗಟ್ಟಿ ನೆಲದ ತಿರುವಿನಲ್ಲಿ ಫೋರ್ ವೀಲ್ ಇದ್ದರೆ ಗೇರುಗಳಿಗೆ ಬಿಗಿತ ಬೀಳುತ್ತದೆ.

ಪ್ಲೇಟ್ ಬದಲಾಯಿಸಲೇಬೇಕಾದರೆ ಗೇರ್‌ಬಾಕ್ಸ್ ಇಳಿಸುವುದೇ ದೊಡ್ಡ ಕೆಲಸ. ಆಗ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬುಷ್ ಒಟ್ಟಿಗೇ ಹಾಕಿಸಿ. ಫ್ಲೈವೀಲಿನಲ್ಲಿ (ಕ್ಲಚ್ ಪ್ಲೇಟ್ ಕಚ್ಚಿಕೊಳ್ಳುವ ಎಂಜಿನ್ನಿನ ಚಕ್ರ) ನೀಲಿ ಕಲೆ, ಗೀರು ಕಂಡರೆ ಲೇತಿಗೆ ಕೊಡಿ. ಕ್ಲಚ್ ಹೌಸಿಂಗಿನ ಅಡಿಯ ತೂತಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆಯಾ ಅಂತ ಮೊದಲೇ ನೋಡಿಡಿ. ಸೀಲ್ ಸೋರುತ್ತಿದ್ದರೆ ಹೊಸ ಪ್ಲೇಟಿಗೂ ಆಯಿಲ್ ತಾಗಿ ಮತ್ತೆ ಜಾರುತ್ತದೆ.

ಪ್ರಶ್ನೆ (ಮುಳ್ಳೇರಿಯದಿಂದ):
ನಮ್ಮದಕ್ಕೆ ಬೇರೆ ಕತೆ. ಮಳೆಗಾಲವಿಡೀ ಶೆಡ್ಡಿನಲ್ಲೇ ಇತ್ತು. ಈಗ ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ, ಕರಕರ ಅನ್ನುತ್ತದೆ. ಪ್ಲೇಟ್ ಹೋಯಿತಾ?

ಉತ್ತರ:
ಹೋಗಿರಲಿಕ್ಕಿಲ್ಲ. ಮೊದಲು ಲಿಂಕೇಜ್ (ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಜೋಡಣೆ) ಸರಿ ಇದೆಯಾ ನೋಡಿ. ಸರಿ ಇದ್ದರೆ ತೇವಕ್ಕೆ ಫ್ಲೈವೀಲ್ ತುಕ್ಕು ಹಿಡಿದು ಪ್ಲೇಟ್ ಅದಕ್ಕೆ ಅಂಟಿರಬೇಕು. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುವ ಜಾಗ ನಮ್ಮದು, ಇದು ಸಾಮಾನ್ಯ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಎದುರು ಯಾರೂ ಇಲ್ಲದ ಸಮತಟ್ಟು ಬಯಲಿನಲ್ಲಿ ಸೆಕೆಂಡ್ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಜೀಪು ಕೂಡಲೇ ಮುಂದೆ ಹೋಗುತ್ತದೆ, ಬ್ರೇಕ್ ಮೇಲೆ ಗಮನ ಇರಲಿ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದರೆ ಹೆಚ್ಚಾಗಿ ಬಿಡುತ್ತದೆ. ನಾಲ್ಕಾರು ಸಲ ಮಾಡಿಯೂ ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು. ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅಂಗಡಿವರೆಗೆ ಓಡಿಸಿ ತನ್ನಿ.